ಕೋಲಿನ ತುದಿಯ ಒಂದು ಗೇಣು

ನನ್ನ ಪೂಲ್ ಆಟದ ಕೋಲಿಗೆ ಹೊಸ ಶಾಫ್ಟ್, ಅಂದರೆ ಕೋಲಿನ ಸಪೂರವಾದ ಮುಂಭಾಗ, ತಂದ ಮೊದಲ ವಾರ ನನ್ನ ಆಟ ನನಗೇ ಅರ್ಥವಾಗಲಿಲ್ಲ. ಮಧ್ಯಕ್ಕೆ ಹೊಡೆಯುವ ಹೊಡೆತಗಳೆಲ್ಲ ಸಲೀಸಾಗಿ ಬೀಳುತ್ತಿದ್ದವು. ಬಿಳಿ ಚೆಂಡಿಗೆ ಬಲಗಡೆ ಸೈಡ್ ಕೊಟ್ಟು, ಅಂದರೆ ಅದು ತಿರುಗುವಂತೆ ಮಧ್ಯ ಬಿಟ್ಟು ಬಲಕ್ಕೆ ತಾಗಿಸಿ, ಉದ್ದಕ್ಕೆ ಹೊಡೆದರೆ ಮಾತ್ರ ಅದು ನಾನು ಗುರಿಯಿಟ್ಟ ಜಾಗಕ್ಕಿಂತ ಬಲಕ್ಕೆ ಹೋಗಿ ಬಡಿಯುತ್ತಿತ್ತು. ಎಡಗಡೆ ಸೈಡ್ ಕೊಟ್ಟರೆ ಎಡಕ್ಕೆ. ಹಳೆಯ ಶಾಫ್ಟ್ ತಿರುಗಿಸಿ ಕೂರಿಸಿಕೊಂಡರೆ ಎಲ್ಲ ಮೊದಲಿನಂತೆ. ಹೊಸದರಲ್ಲಿ ದೋಷವೇನೂ ಇರಲಿಲ್ಲ. ವರ್ಷಗಟ್ಟಲೆ ಹಳೆಯ ಮೇಪಲ್ ಮರದ ಶಾಫ್ಟಿನಲ್ಲಿ ಆಡಿ ಆಡಿ ನನ್ನ ಕಣ್ಣು ಒಂದು ತಿದ್ದುಪಡಿಯನ್ನು ನನಗೆ ಗೊತ್ತಾಗದಂತೆ ಕಲಿತುಬಿಟ್ಟಿತ್ತು. ಹೊಸ ಶಾಫ್ಟಿಗೆ ಅಷ್ಟು ತಿದ್ದುಪಡಿ ಬೇಕಿರಲಿಲ್ಲ.

ಆ ತಿದ್ದುಪಡಿ ಏಕೆ ಬೇಕು ಎಂಬುದರಲ್ಲೇ ಶಾಫ್ಟ್ ಆರಿಸುವ ಗುಟ್ಟೂ ಇದೆ. ಬಿಳಿ ಚೆಂಡಿನ ನಡುಮಧ್ಯಕ್ಕೆ ಹೊಡೆದರೆ ಅದು ಕೋಲು ತೋರಿಸಿದ ದಿಕ್ಕಿಗೇ ಹೋಗುತ್ತದೆ. ಮಧ್ಯ ಬಿಟ್ಟು ಬಲಕ್ಕೆ ಹೊಡೆದರೆ ಚೆಂಡು ತನ್ನ ಸುತ್ತ ತಿರುಗುವುದರ ಜೊತೆಗೆ ಕೋಲಿನ ಗೆರೆಯಿಂದ ತುಸು ಎಡಕ್ಕೆ ಸರಿದು ಹೊರಡುತ್ತದೆ. ಇದಕ್ಕೆ ಆಟಗಾರರು ಸ್ಕ್ವರ್ಟ್ ಅಂತಲೋ ಡಿಫ್ಲೆಕ್ಷನ್ ಅಂತಲೋ ಹೇಳುತ್ತಾರೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಕೋಲಿನ ಮೊನೆ, ಅಂದರೆ ಟಿಪ್, ಚೆಂಡಿನ ಮಧ್ಯದಿಂದ 1 ಸೆಂ.ಮೀ. ಪಕ್ಕಕ್ಕೆ ತಾಗಿ ಚೆಂಡು 2 ಡಿಗ್ರಿ ಸರಿಯಿತು ಎಂದುಕೊಳ್ಳಿ. ಮಾಮೂಲಿ ಮೇಪಲ್ ಶಾಫ್ಟಿಗೆ ಇದೇನೂ ಅತಿಯಲ್ಲ. ಒಂದೂವರೆ ಮೀಟರ್ ಹೋಗುವಷ್ಟರಲ್ಲಿ ಅದು ಗೆರೆಯಿಂದ 5 ಸೆಂ.ಮೀ. ಆಚೆಗಿರುತ್ತದೆ. ಹತ್ತಿರಹತ್ತಿರ ಒಂದು ಚೆಂಡಿನ ಅಗಲ! ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಪಾಟ್, ಅಂದರೆ ಚೆಂಡನ್ನು ಕುಳಿಗೆ ಬೀಳಿಸುವುದು, ತಪ್ಪುವ ಆಟ ಇದು.

ಚೆಂಡು ಹೀಗೆ ಸರಿಯುವುದೇಕೆ? ಟಿಪ್ ಮತ್ತು ಚೆಂಡು ಒಂದನ್ನೊಂದು ಮುಟ್ಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಚೆಂಡು ತಿರುಗಲು ಶುರುಮಾಡಿರುತ್ತದೆ. ಚಾಕ್ ಹಚ್ಚಿದ ಚರ್ಮದ ಟಿಪ್ ಚೆಂಡನ್ನು ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ತಿರುಗುವ ಚೆಂಡು ಟಿಪ್ಪನ್ನೂ ತನ್ನ ಜೊತೆ ಹೊರಕ್ಕೆ ಎಳೆಯುತ್ತದೆ. ಚೆಂಡು ಕೋಲಿನ ತುದಿಯನ್ನು ಬಲಕ್ಕೆ ತಳ್ಳಿದರೆ, ಆ ತುದಿ ಚೆಂಡನ್ನು ಅಷ್ಟೇ ಬಲದಿಂದ ಎಡಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ, ಶಾಲೆಯಲ್ಲಿ ಓದಿದ್ದೇ. ತುದಿ ಭಾರವಿದ್ದಷ್ಟೂ ಅದನ್ನು ಪಕ್ಕಕ್ಕೆ ಸರಿಸಲು ಹೆಚ್ಚು ಬಲ ಬೇಕು, ಚೆಂಡಿಗೆ ಬೀಳುವ ಮರುತಳ್ಳೂ ಅಷ್ಟೇ ಹೆಚ್ಚು.

ತುದಿ ಅಂದರೆ ಎಷ್ಟುದ್ದ? ಟಿಪ್ಪಿನಲ್ಲಿ ಎದ್ದ ಅಡ್ಡ ಅಲುಗಾಟ ಶಾಫ್ಟಿನಲ್ಲಿ ಅಲೆಯಂತೆ ಹಿಂದಕ್ಕೆ ಸಾಗಬೇಕು. ಆ ಒಂದು ಮಿಲಿಸೆಕೆಂಡಿನಲ್ಲಿ ಅದು ತಲುಪುವುದು ಹೆಚ್ಚೆಂದರೆ 15–20 ಸೆಂ.ಮೀ. ಚೆಂಡು ಟಿಪ್ ಬಿಟ್ಟು ಹೋಗುವಾಗ ಉಳಿದ ಕೋಲಿಗೆ ಪಕ್ಕಕ್ಕೆ ಏನಾಯಿತೆಂಬ ಸುದ್ದಿಯೇ ಮುಟ್ಟಿರುವುದಿಲ್ಲ. ಹಾಗಾಗಿ ಬಟ್ಟಿನ (ಕೋಲಿನ ದಪ್ಪನೆಯ ಹಿಂಭಾಗದ) ತೂಕ, ಅದರೊಳಗಿನ ಕೆತ್ತನೆ, ಹಿಡಿಗೆ ಸುತ್ತಿದ ನೂಲು ಇವು ಯಾವುವೂ ಸ್ಕ್ವರ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಕೋಲಿನ ತುದಿಯ ಒಂದು ಗೇಣು, ಅದರ ಭಾರ. ಶಾಫ್ಟ್ ಗಡುಸಾಗಿದ್ದರೆ ಚೆಂಡು ಹೆಚ್ಚು ಸರಿಯುತ್ತದೆ, ಬಾಗುವಂತಿದ್ದರೆ ಕಡಿಮೆ ಎಂದು ಎಷ್ಟೋ ಜನ ನಂಬಿದ್ದಾರೆ. ಗಡುಸುತನಕ್ಕಿಂತ ತುದಿಯ ಭಾರವೇ ಇಲ್ಲಿ ದೊಡ್ಡದು.

ಈ ತಿಳಿವಳಿಕೆಯನ್ನು ಸರಕಾಗಿ ಮಾರುಕಟ್ಟೆಗೆ ತಂದ ಕಂಪನಿಗಳಲ್ಲಿ ಅಮೆರಿಕದ ಪ್ರಿಡೇಟರ್ ಮುಖ್ಯವಾದದ್ದು. 1990ರ ದಶಕದಲ್ಲಿ ಅವರು ‘ಐರನ್ ವಿಲ್ಲಿ’ ಎಂಬ ಯಂತ್ರದಿಂದ ಒಂದೇ ಹೊಡೆತವನ್ನು ಮತ್ತೆಮತ್ತೆ ಹೊಡೆಸಿ ಚೆಂಡು ಎಷ್ಟು ಸರಿಯುತ್ತದೆಂದು ಅಳೆದರು. ಆಗ ಬಂದ 314 ಶಾಫ್ಟಿನಲ್ಲಿ ಒಂದೇ ಮರದ ಕೋಲಿನ ಬದಲು, ಕಿತ್ತಳೆಯ ತೊಳೆಗಳಂತೆ ಸೀಳಿದ ಮೇಪಲ್ ತುಂಡುಗಳನ್ನು ಸುತ್ತಲೂ ಅಂಟಿಸಿದ್ದರು. ಯಾವ ಮಗ್ಗುಲಿಗೆ ತಿರುಗಿಸಿ ಹಿಡಿದರೂ ಹೊಡೆತ ಒಂದೇ ಥರ ಇರಲೆಂದು ಹಾಗೆ. ತುದಿಯನ್ನು ಒಳಗೆ ಕೊರೆದು ಟೊಳ್ಳು ಮಾಡಿ, ಟಿಪ್ಪಿನ ಹಿಂದಿನ ಬಿಳಿ ಕವಚವಾದ ಫೆರೂಲನ್ನು ಮೋಟಾಗಿ, ಹಗುರವಾಗಿ ಇಟ್ಟರು. 2016ರಲ್ಲಿ ಅದೇ ಕಂಪನಿಯ ರೆವೊ ಬಂದಿತು, ಇಡೀ ಶಾಫ್ಟ್ ಕಾರ್ಬನ್ ಫೈಬರಿನದು. ಈಗ ಎಲ್ಲ ದೊಡ್ಡ ತಯಾರಕರ ಬಳಿಯೂ ಅಂಥದ್ದೊಂದಿದೆ. ಭಾರ ಇಳಿಸಲು ಇನ್ನೊಂದು ಸುಲಭದ ದಾರಿ ಶಾಫ್ಟನ್ನೇ ಸಣ್ಣ ಮಾಡುವುದು. ತೂಕ ವ್ಯಾಸದ ವರ್ಗದಂತೆ ಇಳಿಯುವುದರಿಂದ, ಅದೇ ಮರದಲ್ಲಿ 13 ಮಿ.ಮೀ. ಶಾಫ್ಟನ್ನು 11.8ಕ್ಕೆ ಇಳಿಸಿದರೆ ತುದಿಯ ಗೇಣಿನಲ್ಲಿ ಶೇ. 18ರಷ್ಟು ಭಾರ ಕಳೆದಂತಾಯಿತು.

ಇಂಥ ಹಗುರ ತುದಿಯ, ಅಂದರೆ ಲೋ ಡಿಫ್ಲೆಕ್ಷನ್, ಶಾಫ್ಟ್ ಚೆಂಡಿಗೆ ಹೆಚ್ಚು ಸ್ಪಿನ್ ಕೊಡುತ್ತದೆ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ವೇಗಕ್ಕೆ ತಕ್ಕಂತೆ ಸ್ಪಿನ್ ಎಷ್ಟಿರಬೇಕೆಂದು ನಿರ್ಧರಿಸುವುದು ಟಿಪ್ ಮಧ್ಯದಿಂದ ಎಷ್ಟು ದೂರ ತಾಗಿತು ಎಂಬುದೇ. ಭೂಮಿಯ ತಿರುಗಾಟದಿಂದ ಗಾಳಿ ಓರೆಯಾಗುವುದಕ್ಕೆ ಯಾರ ಹೆಸರಿದೆಯೋ ಆ ಫ್ರೆಂಚ್ ಗಣಿತಜ್ಞ ಕೊರಿಯೊಲಿಸ್ 1835ರಲ್ಲಿ ಬಿಲಿಯರ್ಡ್ಸ್ ಆಟದ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದ. ಅತಿ ಹೆಚ್ಚು ಸೈಡ್ ಸಿಗುವುದು ಮಧ್ಯದಿಂದ ತ್ರಿಜ್ಯದ ಅರ್ಧದಷ್ಟು ಪಕ್ಕಕ್ಕೆ ಹೊಡೆದಾಗ, ಅಂದರೆ ಪೂಲ್ ಚೆಂಡಿನಲ್ಲಿ 14 ಮಿ.ಮೀ. ಆಸುಪಾಸಿನಲ್ಲಿ. ಅದನ್ನು ದಾಟಿದರೆ ಟಿಪ್ ಜಾರುತ್ತದೆ. ಶಾಫ್ಟಿಗೆ ಎಷ್ಟು ದುಡ್ಡು ಸುರಿದರೂ ಈ ಮಿತಿ ಕದಲುವುದಿಲ್ಲ.

ಹಾಗಾದರೆ ಕಡಿಮೆ ಸ್ಕ್ವರ್ಟ್ ಇರುವುದೇ ಎಲ್ಲರಿಗೂ ಒಳ್ಳೆಯದಲ್ಲವೇ? ಅಲ್ಲ. ಜಾಹೀರಾತುಗಳು ಹೇಳದ ವಿಷಯ ಇಲ್ಲಿದೆ, ನನಗೆ ಅತ್ಯಂತ ಇಷ್ಟವಾದದ್ದೂ ಇದೇ. ನಾವು ಕೋಲು ಬೀಸುವಾಗ ಮುಂದಿನ ಕೈ, ಅಂದರೆ ಬ್ರಿಡ್ಜ್, ಕೀಲಿನಂತೆ ಅಲ್ಲೇ ಇರುತ್ತದೆ. ಹಿಂದಿನ ಕೈ ಸ್ವಲ್ಪ ಎಡಕ್ಕೆ ಹೋದರೆ ಟಿಪ್ ಬಲಕ್ಕೆ ಹೋಗುತ್ತದೆ, ಕೋಲಿನ ದಿಕ್ಕೂ ಬಲಕ್ಕೆ ತಿರುಗುತ್ತದೆ. ಟಿಪ್ ಬಲಕ್ಕೆ ತಾಗಿದ್ದರಿಂದ ಸ್ಕ್ವರ್ಟ್ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ಒಂದು ತಪ್ಪು ಬಲಕ್ಕೆ, ಇನ್ನೊಂದು ಎಡಕ್ಕೆ. ಬ್ರಿಡ್ಜ್ ಸರಿಯಾದ ದೂರದಲ್ಲಿದ್ದರೆ ಇವೆರಡೂ ವಜಾ ಆಗಿ, ಕೈ ಅಲುಗಿದರೂ ಚೆಂಡು ಮೊದಲು ನೋಡಿದ ಗೆರೆಯಲ್ಲೇ ಹೋಗುತ್ತದೆ! ಪ್ರತಿ ಶಾಫ್ಟಿಗೂ ಇಂಥ ಒಂದು ದೂರವಿದೆ. ಅದಕ್ಕೆ ಪಿವಟ್ ಉದ್ದ ಎನ್ನುತ್ತಾರೆ. ಮೇಲೆ ಹೇಳಿದ 2 ಡಿಗ್ರಿಯ ಶಾಫ್ಟಿಗೆ ಅದು ಟಿಪ್ಪಿನಿಂದ ಸುಮಾರು 25 ಸೆಂ.ಮೀ. ಅಷ್ಟೇ ಪಕ್ಕಕ್ಕೆ ಹೊಡೆದಾಗ 1.4 ಡಿಗ್ರಿ ಸರಿಯುವ ಶಾಫ್ಟಿಗೆ 38 ಸೆಂ.ಮೀ. ಹತ್ತಿರ.

ಹಾಗಾಗಿ ಮೊದಲು ಅಳೆಯಬೇಕಾದ್ದು ನಿಮ್ಮ ಬ್ರಿಡ್ಜನ್ನು. ಎತ್ತರದ ಆಳಾಗಿ, ಕೈ ಚಾಚಿ, ಟಿಪ್ಪಿನಿಂದ ಮೊಳದ ಹತ್ತಿರ ಬ್ರಿಡ್ಜ್ ಊರುವವರಿಗೆ ಹಗುರ ತುದಿಯ ಶಾಫ್ಟ್ ಹೇಳಿ ಮಾಡಿಸಿದಂತಿರುತ್ತದೆ. ಗೇಣಿಗಿಂತ ತುಸು ಹೆಚ್ಚು ಬಿಟ್ಟು, ಚಿಕ್ಕದಾಗಿ, ನಾಜೂಕಾಗಿ ಬೀಸುವವರಿಗೆ ಮಾಮೂಲಿ ಮೇಪಲ್ಲೇ ಹೆಚ್ಚು ಕ್ಷಮಿಸುತ್ತದೆ. ಸೈಡ್ ಹೆಚ್ಚು ಬಳಸದವರು ಕೈಗೆ ಯಾವುದು ಹಿತವೋ ಅದನ್ನು ತೆಗೆದುಕೊಂಡರೆ ಸಾಕು.

ನಿಮ್ಮ ಶಾಫ್ಟಿನ ಪಿವಟ್ ಉದ್ದ ತಿಳಿಯಲು ಯಂತ್ರವೇನೂ ಬೇಡ. ಬಿಳಿ ಚೆಂಡಿನ ಎದುರು ಒಂದೂಕಾಲು ಮೀಟರ್ ದೂರದಲ್ಲಿ ಇನ್ನೊಂದು ಚೆಂಡಿಡಿ. ಅದರ ನಡುಮಧ್ಯಕ್ಕೆ ಗುರಿ ಹಿಡಿದು, ಬ್ರಿಡ್ಜ್ ಕದಲಿಸದೆ, ಹಿಂದಿನ ಕೈಯನ್ನಷ್ಟೇ ಸರಿಸಿ ಟಿಪ್ಪನ್ನು ಬಲಕ್ಕೆ ತನ್ನಿ. ಕೋಲನ್ನು ಆದಷ್ಟು ಮಟ್ಟವಾಗಿಟ್ಟು ಜೋರಾಗಿ ಹೊಡೆಯಿರಿ. ಹಿಂಬದಿ ಎತ್ತಿ ಮೆಲ್ಲಗೆ ಹೊಡೆದರೆ ಚೆಂಡು ದಾರಿಯಲ್ಲಿ ಬಾಗಿ ಲೆಕ್ಕ ಕೆಡುತ್ತದೆ. ಬಿಳಿ ಚೆಂಡು ಡಿಕ್ಕಿಯಾದ ಜಾಗದಲ್ಲೇ ಬುಗುರಿಯಂತೆ ತಿರುಗುತ್ತಾ ನಿಂತರೆ ನಿಮ್ಮ ಬ್ರಿಡ್ಜ್ ಸರಿಯಾದ ದೂರದಲ್ಲಿದೆ. ಎಡಕ್ಕೆ ಸರಿದು ಹೋದರೆ ಬ್ರಿಡ್ಜ್ ಉದ್ದವಾಯಿತು, ಬಲಕ್ಕೆ ಹೋದರೆ ಗಿಡ್ಡವಾಯಿತು. ಹತ್ತು ಹದಿನೈದು ಹೊಡೆತದಲ್ಲಿ ಜಾಗ ಸಿಗುತ್ತದೆ.

ಬೆಂಗಳೂರಿನಲ್ಲಿ ಬೆಳೆದವರಿಗೆ ಇನ್ನೊಂದು ಮಾತು. ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿಯ ಊರಿದು. ನಮ್ಮಲ್ಲಿ ಅನೇಕರು ಸ್ನೂಕರ್ ಟೇಬಲ್ಲಿನಲ್ಲಿ ಕಲಿತು ಪೂಲಿಗೆ ಬಂದವರು. ಸ್ನೂಕರ್ ಕೋಲಿನ ಟಿಪ್ 9–10 ಮಿ.ಮೀ., ಶಾಫ್ಟ್ ಹಿಂದಕ್ಕೆ ಹೋದಂತೆ ಒಂದೇ ಸಮ ದಪ್ಪವಾಗುತ್ತದೆ. ಹೆಬ್ಬೆರಳ ಸಂದಿಯಲ್ಲಿ ಕೋಲು ಮಲಗಿಸಿ ಆಡುವ ಅಭ್ಯಾಸವಿದ್ದರೆ ಅದು ತೊಂದರೆಯಲ್ಲ. ಬೆರಳು ಸುತ್ತಿ ಉಂಗುರ ಮಾಡಿ ಹಿಡಿಯುವವರಿಗೆ ಮಾತ್ರ, ಕೋಲು ಮುಂದೆ ಹೋದಂತೆ ಉಂಗುರ ಬಿಗಿಯಾಗುತ್ತದೆ. ಅವರಿಗೆ ಟಿಪ್ಪಿನಿಂದ ಗೇಣಿಗಿಂತ ಹೆಚ್ಚು ದೂರದವರೆಗೆ ಒಂದೇ ದಪ್ಪವಿರುವ, ಪ್ರೊ ಟೇಪರ್ ಎಂದು ಕರೆಯುವ ಆಕಾರವೇ ಸರಿ.

ಮಂಗಳೂರು, ಕಾರವಾರದ ಕಡೆಯವರಾದರೆ ಕಾರ್ಬನ್ ಫೈಬರಿನ ಪರವಾಗಿ ಇನ್ನೊಂದು ಕಾರಣವಿದೆ. ಮೇಪಲ್ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ, ಬಾಗುತ್ತದೆ. ಬೆವರಿದ ಕೈಯಲ್ಲಿ ಅಂಟುತ್ತದೆ. ಕಾರ್ಬನ್ ಬಾಗುವುದಿಲ್ಲ, ಒರೆಸಿದರೆ ಮುಗಿಯಿತು. ಆದರೆ ಅದರ ಸದ್ದು ಬೇರೆ, ಕೈಗೆ ಬರುವ ಕಂಪನ ಬೇರೆ. ಅದನ್ನು ಇಷ್ಟಪಡದವರೂ ಇದ್ದಾರೆ, ಅದು ಅವರ ಕೈಯ ನ್ಯಾಯ. ಕೊಳ್ಳುವ ಮುನ್ನ ಶಾಫ್ಟ್ ಬಟ್ಟಿಗೆ ಕೂಡುವ ಜಾಯಿಂಟಿನ ತಿರುಪು ನೋಡಿಕೊಳ್ಳಿ. ಇಂಚಿನ ಎಂಟನೇ ಮೂರು, ಹದಿನಾರನೇ ಐದು ಎಂದು ಹಲವು ಬಗೆಗಳಿವೆ, ಒಂದರ ಶಾಫ್ಟ್ ಇನ್ನೊಂದರ ಬಟ್ಟಿಗೆ ಕೂರುವುದಿಲ್ಲ.

ನಾನು ಕಾಗದದ ಟೇಪ್ ಅಂಟಿಸಿ ಎರಡೂ ಶಾಫ್ಟುಗಳನ್ನು ಒಂದು ಸಂಜೆ ಅಳೆದೆ. ಹಳೆಯದರ ಜಾಗ 26 ಸೆಂ.ಮೀ.ಗೆ ಬಂತು, ಹೊಸದರದ್ದು 36ಕ್ಕೆ. ನನ್ನ ಎಡಗೈ ತಾನಾಗಿ ಕೂರುವುದು 28ರಲ್ಲಿ. ಬ್ರೇಕ್, ಅಂದರೆ ಆಟ ಶುರುಮಾಡುವ ಮೊದಲ ಹೊಡೆತ, ಹೊಡೆಯುವಾಗ ಮಾತ್ರ ಕೈ ಹಿಂದೆ ಸರಿದು 35 ದಾಟುತ್ತದೆ, ಜೋರಿಗೆ ಟಿಪ್ ಅಲುಗುವುದೂ ಆಗಲೇ. ಈಗ ಹೊಸದರಲ್ಲಿ ಬ್ರೇಕ್ ಹೊಡೆಯುತ್ತೇನೆ, ಹಳೆಯ ಮೇಪಲ್ಲಿನಲ್ಲಿ ಆಡುತ್ತೇನೆ.