ಕಾಣದ ಕಪ್ಪುಕುಳಿ ಜೋಡಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಕಪ್ಪುಕುಳಿ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಿದ್ದ ಮೇಲೆ ಎರಡು ದೈತ್ಯ ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿವೆ ಎಂದು ಹೇಗೆ ಹೇಳುತ್ತಾರೆ?

ಉತ್ತರ: ಕುಳಿ ಕಾಣದು, ನಿಜ. ಆದರೆ ಅದರೊಳಕ್ಕೆ ಬೀಳಲಿರುವ ಅನಿಲ ತಟ್ಟೆಯಂತೆ ಸುತ್ತುತ್ತ, ಕಾದು ಬೆಳಗುತ್ತದೆ. ಆ ಬೆಳಕಿನ ಏರಿಳಿತವೇ ಮೊದಲ ಸುಳಿವು.

ಕರ್ಕಾಟಕ ರಾಶಿಯ ದಿಕ್ಕಿನಲ್ಲಿ ಓಜೆ 287 ಎಂಬ ಬ್ಲೇಜಾರ್ ಇದೆ; ಅಂದರೆ ನಡುವಿನ ದೈತ್ಯ ಕಪ್ಪುಕುಳಿಯಿಂದ ಚಿಮ್ಮುವ ಧಾರೆ ನಮ್ಮತ್ತಲೇ ಮುಖ ಮಾಡಿರುವ ಗ್ಯಾಲಕ್ಸಿ. 19ನೇ ಶತಮಾನದ ಕೊನೆಯಲ್ಲಿ ಬೇರೆ ಯಾವುದಕ್ಕೋ ತೆಗೆದ ಗಾಜಿನ ಫೋಟೋ ಫಲಕಗಳಲ್ಲೂ ಅದು ಪುಟ್ಟ ಕಪ್ಪು ಚುಕ್ಕಿಯಾಗಿ ಕೂತಿದೆ. ನೆಗೆಟಿವ್ ಆದ್ದರಿಂದ ಬೆಳಕು ಹೆಚ್ಚಿದಷ್ಟೂ ಚುಕ್ಕಿ ದಪ್ಪ. ಹಳೆಯ ಚುಕ್ಕಿಗಳನ್ನೆಲ್ಲ ಅಳೆದು ಸಾಲಾಗಿ ಜೋಡಿಸಿದಾಗ, ಸುಮಾರು 12 ವರ್ಷಕ್ಕೊಮ್ಮೆ ಅದು ಭುಗಿಲೆದ್ದದ್ದು ಕಂಡಿತು. ಇದು ಜೋಡಿಯ ಕೆಲಸ ಎಂದು 1988ರಲ್ಲಿ ಫಿನ್ಲೆಂಡಿನ ಸಿಲನ್‌ಪಾ ಮತ್ತು ಸಂಗಡಿಗರು ಸೂಚಿಸಿದರು. ಆಮೇಲೆ ಬೆಳೆದ ಲೆಕ್ಕದಲ್ಲಿ ದೊಡ್ಡದು ಸೂರ್ಯನ 1,800 ಕೋಟಿ ಪಟ್ಟು ತೂಗುತ್ತದೆ, ಚಿಕ್ಕದು 15 ಕೋಟಿ ಪಟ್ಟು. ಚಿಕ್ಕದು ಪ್ರತಿ ಸುತ್ತಿನಲ್ಲೂ ಎರಡು ಸಲ ದೊಡ್ಡದರ ತಟ್ಟೆಯನ್ನು ಸೀಳಿಕೊಂಡು ಹಾಯುತ್ತದೆ. ಸೀಳಿದಾಗಲೆಲ್ಲ ಒಂದು ಭುಗಿಲು, ಅಂದರೆ ಸುಮಾರು 12 ವರ್ಷದ ಪ್ರತಿ ಸುತ್ತಿಗೆ ಎರಡು. ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡ 2019ರ ಜುಲೈ 31ಕ್ಕೆ ಒಂದು ಭುಗಿಲನ್ನು ನಿರೀಕ್ಷಿಸಿತ್ತು. ಭೂಮಿಯಿಂದ ನೋಡಲು ಸೂರ್ಯ ಅಡ್ಡವಿದ್ದ. ದೂರದ ಕಕ್ಷೆಯಲ್ಲಿದ್ದ ಸ್ಪಿಟ್ಜರ್ ದೂರದರ್ಶಕ ನೋಡಿತು. ಲೆಕ್ಕಕ್ಕೂ ಭುಗಿಲಿಗೂ ಕೆಲವೇ ಗಂಟೆಗಳ ವ್ಯತ್ಯಾಸ! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೂ ವಾದ ಮುಗಿದಿಲ್ಲ. 2022ರಲ್ಲಿ ಕಾದಿದ್ದ ಭುಗಿಲು ಬರಲಿಲ್ಲ. ದೊಡ್ಡದರ ತೂಕ ಸೂರ್ಯನ 10 ಕೋಟಿ ಪಟ್ಟಷ್ಟೇ ಎನ್ನುವವರೂ ಇದ್ದಾರೆ. ಒಂಟಿ ಕಪ್ಪುಕುಳಿಯ ಬೆಳಕೂ ತನ್ನಷ್ಟಕ್ಕೆ ಏರಿಳಿಯುತ್ತದೆ. ಎರಡು ಮೂರು ಆವರ್ತ ನೋಡಿ ತಾಳ ಸಿಕ್ಕಿತು ಎಂದುಕೊಂಡರೆ ಮೋಸ ಹೋಗುತ್ತೇವೆ.

ಆದ್ದರಿಂದ ಗುರುತ್ವದ ಅಲೆಯ, ಅಂದರೆ ಭಾರಿ ಕಾಯಗಳು ಸುತ್ತುವಾಗ ಎದ್ದು, ಹಾದಲ್ಲೆಲ್ಲ ಜಾಗವನ್ನೇ ತುಸು ಹಿಗ್ಗಿಸಿ ಕುಗ್ಗಿಸುವ ಅಲೆಯ ಸಾಕ್ಷ್ಯವೂ ಬೇಕು. ಈ ಜೋಡಿಗಳ ಒಂದೊಂದು ಅಲೆಯೂ ಹಾದುಹೋಗಲು ವರ್ಷಗಳೇ ಹಿಡಿಯುತ್ತವೆ. ಗುರುತ್ವದ ಅಲೆ ಹಿಡಿಯಲೆಂದೇ ಕಟ್ಟಿದ, 4 ಕಿ.ಮೀ. ತೋಳಿನ ಲೈಗೊ ಉಪಕರಣಕ್ಕೂ ಅದು ನಿಲುಕದು. ಅದಕ್ಕೇ ಪಲ್ಸಾರ್‌ಗಳನ್ನು, ಅಂದರೆ ಗಿರಗಿರನೆ ತಿರುಗುತ್ತ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರಗಳನ್ನು, ಗಡಿಯಾರ ಮಾಡಿಕೊಂಡರು. ಅವುಗಳ ಮಿಡಿತ ಅತಿ ನಿಖರ. ಅಲೆ ಹಾದರೆ ಒಂದು ದಿಕ್ಕಿನ ಮಿಡಿತ ತುಸು ಬೇಗ, ಇನ್ನೊಂದು ದಿಕ್ಕಿನದು ತುಸು ತಡವಾಗಿ ತಲುಪುತ್ತದೆ. 2023ರ ಜೂನ್‌ನಲ್ಲಿ ಹಲವು ದೇಶಗಳ ತಂಡಗಳು ಇಂಥ ಅಲೆಗಳಿಗೆ ಪುರಾವೆ ಮುಂದಿಟ್ಟವು. ಪುಣೆ ಬಳಿಯ ಖೋಡದ್‌ನಲ್ಲಿ 30 ಬೃಹತ್ ಆಂಟೆನಾಗಳಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಅಳತೆಗಳೂ ಅದರಲ್ಲಿದ್ದವು.

ಆದರೆ ಈಗ ಕೇಳಿಸುತ್ತಿರುವುದು ದೂರದ ಜಾತ್ರೆಯ ಗದ್ದಲದಂಥದ್ದು. ತುಂಬ ಜೋಡಿಗಳು ಒಟ್ಟಿಗೆ ಎಬ್ಬಿಸಿದ ಗದ್ದಲವಿರಬೇಕು ಎನ್ನುತ್ತಾರೆ; ಯಾರ ದನಿ ಯಾವುದು ಎಂದು ತಿಳಿಯದು. ಬೆಳಕು ವಿಳಾಸ ಕೊಡುತ್ತದೆ, ಖಾತ್ರಿ ಕೊಡದು. ಅಲೆಯದು ಸದ್ಯಕ್ಕೆ ತದ್ವಿರುದ್ಧ.

ಗದ್ದಲದಿಂದ ಒಂದೇ ಒಂದು ಜೋಡಿಯ ದನಿಯನ್ನು ಬಿಡಿಸಿಕೊಂಡರೆ ಪರೀಕ್ಷೆ ಸುಲಭ. ದುಂಡು ಕಕ್ಷೆಯ ಜೋಡಿ ಒಂದು ಸುತ್ತು ಹಾಕುವಷ್ಟರಲ್ಲಿ ಎರಡು ಅಲೆ ಎಬ್ಬಿಸುತ್ತದೆ. ಆ ದಿಕ್ಕಿನ ಗ್ಯಾಲಕ್ಸಿಯೊಂದರ ಬೆಳಕು ಸುತ್ತಿಗೊಮ್ಮೆ, ಅಂದರೆ 6 ವರ್ಷಕ್ಕೊಮ್ಮೆ ಏರಿಳಿಯುತ್ತಿದ್ದರೆ, ಅಲೆ 3 ವರ್ಷಕ್ಕೊಮ್ಮೆ ಬರಬೇಕು.