ರಾಲ್‌ವೇ ಥಿನ್: ತೆಳು ಅಕ್ಷರವನ್ನು ಎಲ್ಲಿ ಬಳಸಬೇಕು?

ರಾಲ್‌ವೇ ಅನ್ನುವುದು ಇಂಗ್ಲಿಷ್ ಅಕ್ಷರಗಳ ಒಂದು ಫಾಂಟ್. ಉಚಿತ ಫಾಂಟ್‌ಗಳು ಸಿಗುವ ಗೂಗಲ್ ಫಾಂಟ್ಸ್ ತಾಣದಲ್ಲಿ ಅದನ್ನು ತೆರೆದಿಟ್ಟುಕೊಂಡು ಇದನ್ನು ಓದಿ. 2010ರಲ್ಲಿ ಮ್ಯಾಟ್ ಮೆಕ್‌ಇನರ್ನಿ ಈ ಫಾಂಟ್ ಮಾಡಿದಾಗ ಇದ್ದದ್ದು ಒಂದೇ ವೈಟ್ (ಗೆರೆಯ ದಪ್ಪದ ಮಟ್ಟ), ಅದೂ ಥಿನ್, ಅಂದರೆ ತೀರಾ ತೆಳುವಾದದ್ದು. 2012ರಲ್ಲಿ ಪಾಬ್ಲೊ ಇಂಪಲ್ಲಾರಿ, ರೊಡ್ರಿಗೊ ಫ್ಯೂಎನ್ಸಾಲಿಡಾ ಸೇರಿ ಒಂಬತ್ತು ವೈಟ್‌ಗಳಿಗೆ ಬೆಳೆಸಿದರು. ಅಂದರೆ ದಪ್ಪ ಅಕ್ಷರವನ್ನು ತೆಳು ಮಾಡಿದ್ದಲ್ಲ, ಹುಟ್ಟಿದ್ದೇ ತೆಳ್ಳಗೆ. ಮಾಡಿದ್ದೂ ಹೆಡ್ಡಿಂಗ್‌ನಂಥ ದೊಡ್ಡ ಅಳತೆಗೆ.

ಇದು ಜಾಮೆಟ್ರಿಕ್ ಸ್ಯಾನ್ಸ್ ಸೆರಿಫ್ ಜಾತಿಯದು, ಅಂದರೆ ವೃತ್ತ, ನೇರ ಗೆರೆಗಳ ಆಕಾರದ, ಗೆರೆಯ ತುದಿಯಲ್ಲಿ ಚಿಕ್ಕ ಚಾಚು ಇಲ್ಲದ ಅಕ್ಷರ. ಈ ಜಾತಿಯಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಪಾಲ್ ರೆನ್ನರ್ ಅವರ 1927ರ ಫ್ಯೂಚುರಾ. ನೋಡಿದರೆ ಸುಮ್ನೆ ಕೈವಾರ, ಸ್ಕೇಲ್ ಹಿಡಿದು ಬರೆದಂತಿದೆ, ಅಲ್ವಾ? ಹಾಗೆ ಬರೆದರೆ ಕೆಡುತ್ತದೆ. ಒಂದೇ ದಪ್ಪದ ಎರಡು ಗೆರೆಗಳಲ್ಲಿ ಅಡ್ಡ ಗೆರೆ ಕಣ್ಣಿಗೆ ದಪ್ಪ ಕಾಣುತ್ತದೆ. ಅದಕ್ಕೇ ಅಡ್ಡ ಗೆರೆಯನ್ನು ಕೊಂಚ ತೆಳು ಮಾಡುತ್ತಾರೆ. ಇಂಗ್ಲಿಷ್ ‘O’ ಅಕ್ಷರದ ದುಂಡನ್ನು ಸಾಲಿನ ಮೇಲೂ ಕೆಳಗೂ ಚೂರು ಹೊರಗೆ ಬಿಡುತ್ತಾರೆ. ಇಲ್ಲದಿದ್ದರೆ ಅದು ಪಕ್ಕದ ಅಕ್ಷರಕ್ಕಿಂತ ಗಿಡ್ಡ ಕಾಣುತ್ತದೆ.

ರಾಲ್‌ವೇಯನ್ನು ಗುರುತಿಸಲು ‘ಡಬ್ಲ್ಯೂ’ ನೋಡಿ, ನಡುವಿನ ಗೆರೆಗಳು ಒಂದನ್ನೊಂದು ದಾಟುತ್ತವೆ. ಅಂಕಿಗಳದ್ದು ಇನ್ನೊಂದು ತಕರಾರು. 3, 4, 5, 7, 9 ಸಾಲಿನಿಂದ ಕೆಳಗಿಳಿಯುತ್ತವೆ. ಶೀರ್ಷಿಕೆಯಲ್ಲಿ ಚಂದ, ಫೋನ್ ನಂಬರಿನಲ್ಲಿ, ದರಪಟ್ಟಿಯಲ್ಲಿ ಕಿರಿಕಿರಿ. ಒಂದೇ ಎತ್ತರದ ಅಂಕಿಗಳೂ ಫಾಂಟಿನೊಳಗೇ ಇವೆ. ಡಿಸೈನ್ ಸಾಫ್ಟ್‌ವೇರಿನ ಓಪನ್‌ಟೈಪ್ ಸೆಟ್ಟಿಂಗ್‌ನಲ್ಲಿ (ಫಾಂಟಿನ ಬೇರೆ ರೂಪಗಳನ್ನು ಆರಿಸುವ ಜಾಗ) ‘ಲೈನಿಂಗ್’ ಆರಿಸಬೇಕು, ಅಷ್ಟೇ.

ಈಗ ಮುಖ್ಯ ವಿಷಯ. ಗೆರೆಯ ದಪ್ಪ ಅಕ್ಷರದ ಅಳತೆಯ 50ರಲ್ಲಿ ಒಂದು ಪಾಲು ಅಂದುಕೊಳ್ಳಿ. 16 ಪಿಕ್ಸೆಲ್ ಅಳತೆಯಲ್ಲಿ ಗೆರೆ 0.32 ಪಿಕ್ಸೆಲ್. ಸ್ಕ್ರೀನಿಗೆ ಪಿಕ್ಸೆಲ್‌ನ ಮೂರನೇ ಒಂದು ಭಾಗ ಮಾತ್ರ ತುಂಬಲು ಬರುವುದಿಲ್ಲ. ಅದು ಇಡೀ ಪಿಕ್ಸೆಲ್ಲಿಗೆ ತಿಳಿ ಬೂದು ಬಳಿಯುತ್ತದೆ. ನೀವು ಕೊಟ್ಟದ್ದು ಕಪ್ಪು, ಓದುಗನಿಗೆ ಸಿಕ್ಕಿದ್ದು ಬೂದು. ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ವ್ಯತ್ಯಾಸ) ಪರೀಕ್ಷಿಸುವ ಟೂಲ್ ಬಣ್ಣದ ಕೋಡ್ ಮಾತ್ರ ನೋಡಿ ಪಾಸ್ ಮಾಡುತ್ತದೆ, ಅದನ್ನು ಜಾಸ್ತಿ ನಂಬಬೇಡಿ. ಅದೇ ಅಕ್ಷರ 80 ಪಿಕ್ಸೆಲ್‌ಗೆ ಏರಿದರೆ ಗೆರೆ 1.6 ಪಿಕ್ಸೆಲ್ ಆಗುತ್ತದೆ, ಆಗ ನಿಜಕ್ಕೂ ಕಪ್ಪು. ಪೋಸ್ಟರ್, ಸಿನಿಮಾ ಟೈಟಲ್, ಒಡವೆ ಅಂಗಡಿಯ ಲೋಗೊ, ಇವಕ್ಕೆಲ್ಲ ಥಿನ್ ಒಪ್ಪುವುದು ಇದಕ್ಕೇ. ಪ್ಯಾರಾ ಬರೆಯಲು ರೆಗ್ಯುಲರ್, ಅಂದರೆ ಮಾಮೂಲಿ ದಪ್ಪದ ವೈಟ್ ತೆಗೆದುಕೊಳ್ಳಿ.

ಪ್ರಿಂಟ್‌ನಲ್ಲಿ ಅಪಾಯ ಬೇರೆ. ಗಾಢ ಹಿನ್ನೆಲೆಯಲ್ಲಿ ಬಿಳಿ ತೆಳು ಅಕ್ಷರ ಹಾಕಿದರೆ ಸುತ್ತಲಿನ ಶಾಯಿ ಹರಡಿ ಗೆರೆಯನ್ನೇ ನುಂಗುತ್ತದೆ.

ಪಕ್ಕದಲ್ಲಿ ಕನ್ನಡ ಇದ್ದರೆ? ರಾಲ್‌ವೇಯಲ್ಲಿ ಕನ್ನಡ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಥಿನ್ ಸಿಗುತ್ತದೆ. ಆದರೆ ಎರಡೂ ಕಡೆ ವೈಟ್ 100 (ಥಿನ್‌ಗೆ ಕೊಡುವ ಸಂಖ್ಯೆ) ಅಂತಿದ್ದರೆ ಗೆರೆಯ ದಪ್ಪವೂ ಒಂದೇ ಆಗಬೇಕೆಂದಿಲ್ಲ, ಕಣ್ಣಳತೆಯಲ್ಲೇ ಹೊಂದಿಸಬೇಕು. ‘ಸ್ವಾತಂತ್ರ್ಯ’ ಅಂತ ಟೈಪ್ ಮಾಡಿ, ಅಳತೆ ಇಳಿಸುತ್ತಾ ಹೋಗಿ. ಕೊನೆಯ ಅಕ್ಷರದ ಎರಡು ಒತ್ತುಗಳು ಕಲಸಿಹೋದ ಅಳತೆಗಿಂತ ಕೆಳಗೆ ಆ ವೈಟ್ ಬಳಸಬೇಡಿ.