ಮಳೆಗಾಲದಲ್ಲಿ ಸೀಳಿದ ಹಿತ್ತಾಳೆ

ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ಸೇನೆಯ ಮದ್ದುಗುಂಡುಗಳಿಗೆ ಒಂದು ವಿಚಿತ್ರ ರೋಗ ತಗುಲುತ್ತಿತ್ತು. ಬೇಸಿಗೆಯಲ್ಲಿ ನೆಟ್ಟಗಿದ್ದ ತೋಟಾಗಳು, ಅಂದರೆ ಮದ್ದು ತುಂಬಿ ಬಾಯಿಗೆ ಗುಂಡು ಕೂರಿಸಿದ ಹಿತ್ತಾಳೆಯ ಕೊಳವೆಗಳು, ಮಳೆಗಾಲ ಕಳೆಯುವಷ್ಟರಲ್ಲಿ ಸೀಳಿರುತ್ತಿದ್ದವು. ಅವುಗಳನ್ನು ಯಾರೂ ಹಾರಿಸಿರಲಿಲ್ಲ, ಎತ್ತಿ ಹಾಕಿರಲೂ ಇಲ್ಲ. ಸುಮ್ಮನೆ ಇಟ್ಟಲ್ಲೇ ಇದ್ದ ಹಿತ್ತಾಳೆ, ಗುಂಡನ್ನು ಬಿಗಿಯಾಗಿ ಹಿಡಿದುಕೊಂಡ ಕತ್ತಿನ ಬಳಿ ಉದ್ದಕ್ಕೆ ಬಿರುಕು ಬಿಟ್ಟಿರುತ್ತಿತ್ತು. ಋತುವಿನೊಂದಿಗೆ ಬರುವ ಈ ಬಿರುಕಿಗೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಅಂಟಿಕೊಂಡಿತು.

ಕಾರಣ ಹುಡುಕಹೊರಟರೆ ಕುದುರೆ ಲಾಯಕ್ಕೆ ಹೋಗಬೇಕಾಗುತ್ತದೆ. ಮಳೆಯಿಂದ ಕಾಪಾಡಲೆಂದು ತೋಟಾಗಳನ್ನು ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ಲಾಯದೊಳಗೆ ಕಾಲಿಟ್ಟವರ ಮೂಗಿಗೆ ಅಡರುವ ಘಾಟು ಅದೇ. ಅಮೋನಿಯಾ, ತೇವ ಮತ್ತು ಗಾಳಿ ಸೇರಿದರೆ ತಾಮ್ರದೊಂದಿಗೆ ನೀರಿನಲ್ಲಿ ಕರಗುವ ಸಂಯುಕ್ತವಾಗುತ್ತದೆ. ಹಿತ್ತಾಳೆ ಅಸಂಖ್ಯ ಸಣ್ಣ ಹರಳುಗಳ ಒತ್ತಾದ ಗುಂಪು. ಆ ಹರಳುಗಳ ನಡುವಿನ ಗಡಿಗಳಲ್ಲೇ ಕೊರೆತ ಮುಂದುವರಿಯುತ್ತದೆ.

ಅಮೋನಿಯಾ ಒಂದೇ ಇಷ್ಟು ಹಾನಿ ಮಾಡಲಾರದು. ಒಳಗಿನಿಂದ ಸೀಳಿಬಿಡುವ ಬಲ ಹಿತ್ತಾಳೆಯಲ್ಲಿ ಮೊದಲೇ ಅಡಗಿತ್ತು. ಅದು ಎಲ್ಲಿಂದ ಬಂತೆಂದು ತಿಳಿಯಲು ತೋಟಾ ಹುಟ್ಟುವ ಬಗೆಯನ್ನು ನೋಡಬೇಕು. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯ ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡುತ್ತಾರೆ. ಆ ಬಟ್ಟಲನ್ನು ಅಚ್ಚಿನಿಂದ ಅಚ್ಚಿಗೆ ಎಳೆದು ಉದ್ದನೆಯ ಕೊಳವೆಯಾಗಿಸುತ್ತಾರೆ. ಈ ಪ್ರಮಾಣದ ಬೆರಕೆ ಹರಿಯದೆ ಹಿಗ್ಗುವುದರಲ್ಲಿ ಬಲು ಜಾಣ. ಆದರೂ ಎಳೆದಷ್ಟೂ ಅದರ ಪರಮಾಣು ಪದರಗಳು ಜಾರಿ ಜಾರಿ ಸಿಕ್ಕುಗಟ್ಟುತ್ತವೆ, ಲೋಹ ಗಡುಸಾಗುತ್ತದೆ. ಪಾತ್ರೆ ಬಡಿಯುವ ಕಂಚುಗಾರರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಈ ಸಿಕ್ಕನ್ನು ಬಿಡಿಸಲಿಕ್ಕೇ. ಕಾರ್ಖಾನೆಯಲ್ಲೂ ಹಾಗೆಯೇ ಕಾಯಿಸುತ್ತಾರೆ. ಕೊನೆಯ ಒತ್ತುವಿಕೆಯ ಬಳಿಕ ಕಾಯಿಸದೆ ಬಿಟ್ಟರೆ ಬಿಗುವು ಒಳಗೇ ಉಳಿಯುತ್ತದೆ, ಅಮೋನಿಯಾ ಬಾಗಿಲು ತೆರೆದಾಗ ಸಿಡಿಯುತ್ತದೆ.

ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು 1921ರಲ್ಲಿ ಇದನ್ನು ಬಿಡಿಸಿ ಹೇಳಿದರು. ಪರಿಹಾರವೂ ಸರಳವಾಗಿತ್ತು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹದವಾದ ಶಾಖ ಕೊಟ್ಟರೆ ಹಿತ್ತಾಳೆ ತನ್ನ ಗಟ್ಟಿತನ ಕಳೆದುಕೊಳ್ಳದೆ ಬಿಗುವನ್ನು ಮಾತ್ರ ಸಡಿಲಿಸುತ್ತದೆ.

ಬಳಸಿದ ತೋಟಾಗಳಿಗೆ ಹೊಸ ಕೇಪು (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ತಾಗಿಸುವ ಬುಡದ ಪುಟ್ಟ ಬಿಲ್ಲೆ), ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಹಾರಿಸುವುದು ಅಮೆರಿಕದಲ್ಲಿ ಬಹಳ ಜನರ ಹವ್ಯಾಸ. ಖಾಲಿ ತೋಟಾವನ್ನು ಕೈಗೆತ್ತಿಕೊಂಡಾಗ ಅವರು ಓದಬೇಕಾದದ್ದು ಹಿತ್ತಾಳೆ ಪಟ್ಟ ಪಾಡನ್ನು. ಹೊಸಬರು ಮಾತ್ರ ಹೊಳಪಿಗೆ ಮರುಳಾಗುತ್ತಾರೆ. ಅಮೆರಿಕದ ಸೇನೆಯ ತೋಟಾಗಳ ಕತ್ತಿನ ಸುತ್ತ ಕಂದು, ನೀಲಿ ಛಾಯೆಯ ಒಂದು ಪಟ್ಟಿ ಕಾಣುತ್ತದೆ. ನೋಡಿದವರು ಕಲೆಯೆಂದೇ ತಿಳಿಯುತ್ತಾರೆ. ಕತ್ತನ್ನು ಕೊನೆಯಲ್ಲಿ ಕಾಯಿಸಿ ಮೆದುಗೊಳಿಸಿದ್ದಾರೆ ಎಂಬುದಕ್ಕೆ ಅದು ಗುರುತು. ಅಂಗಡಿಗೆ ಬರುವ ತೋಟಾಗಳಲ್ಲಿ ಆ ಗುರುತನ್ನು ಸಾಮಾನ್ಯವಾಗಿ ಉಜ್ಜಿ ತೆಗೆದಿರುತ್ತಾರೆ. ನನ್ನನ್ನು ಕೇಳಿದರೆ ಇಡೀ ತೋಟಾದಲ್ಲಿ ಅತ್ಯಂತ ಚೆಂದದ್ದು ಆ ಪಟ್ಟಿಯೇ.

ಉಜ್ಜುವುದರಲ್ಲೂ ಎಚ್ಚರ ಬೇಕು. ಮನೆಯಲ್ಲಿ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬಹಳ ಹೊತ್ತು ಬಿಟ್ಟರೆ ಅಲ್ಲಲ್ಲಿ ಗುಲಾಬಿ ಬಣ್ಣ ತಿರುಗುವುದನ್ನು ನೀವು ನೋಡಿರಬಹುದು. ಮೇಲ್ಮೈಯಲ್ಲಿ ಸತು ಕರಗಿ ತಾಮ್ರ ಉಳಿಯುವ ಲಕ್ಷಣ ಅದು. ಚೊಂಬಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ತೋಟಾದಲ್ಲಿ ಆಳಕ್ಕಿಳಿದ ಗುಲಾಬಿ ಕಲೆ ಕಂಡರೆ ಅದನ್ನು ಬದಿಗಿಡುವುದೇ ಸರಿ. ಅಮೋನಿಯಾ ಬೆರೆತ ಪಾಲಿಶ್ ಬಳಸುವುದಂತೂ ಲಾಯದ ರೋಗವನ್ನು ಕೈಯಾರೆ ಹಚ್ಚಿದಂತೆ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ನಾಲ್ಕಾರು ಖಾಲಿ ತೋಟಾಗಳನ್ನು ಅಂಗೈಯಲ್ಲಿ ಕುಲುಕಿದರೆ ಗಟ್ಟಿಯಾದವು ಟಿಣ್ ಎನ್ನುತ್ತವೆ. ಕತ್ತು ಸೀಳಿದ್ದು ಸೇರಿಕೊಂಡಿದ್ದರೆ ನಡುವೆ ಒಂದು ಒಡಕು ಸದ್ದು ಕೇಳುತ್ತದೆ.

ಹೆಚ್ಚು ಅಪಾಯಕಾರಿಯಾದ ದೋಷ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ. ಕೋವಿಯ ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ತೋಟಾದ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಮೂರು ಸಾವಿರ ಪಟ್ಟನ್ನು ಮೀರುತ್ತದೆ. ತೆಳ್ಳನೆಯ ಕೊಳವೆ ಉಬ್ಬಿ ಕೋವಿಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ದಪ್ಪನೆಯ ಬುಡ ಮಾತ್ರ ಹಿಂದಕ್ಕೆ ಸರಿಯುತ್ತದೆ. ಹೀಗೆ ಬುಡದಿಂದ ತುಸು ಮೇಲೆ ಹಿತ್ತಾಳೆ ಎಳೆದು ತೆಳುವಾಗುತ್ತದೆ, ಪ್ರತಿ ಸಲ ಹಾರಿಸಿದಾಗಲೂ ಇನ್ನಷ್ಟು ಸವೆಯುತ್ತದೆ. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ ‘ತ್ರೀ ನಾಟ್ ತ್ರೀ’ಯಂಥ ಕೋವಿಗಳಲ್ಲಿ ಈ ತೊಂದರೆ ಜಾಸ್ತಿ. ಕೆಸರು, ಧೂಳಿನ ನಡುವೆಯೂ ತೋಟಾ ಸಿಕ್ಕಿಕೊಳ್ಳದಿರಲೆಂದು ಕೋವಿಯೊಳಗೆ ಅದು ಕೂರುವ ಮನೆಯನ್ನು ಸ್ವಲ್ಪ ಧಾರಾಳವಾಗಿಯೇ ಕೊರೆದಿರುತ್ತಾರೆ.

ಬುಡದ ಮೇಲೆ ಸುತ್ತಲೂ ಹೊಳೆಯುವ ಗೆರೆಯೊಂದು ಕಂಡರೆ ಅನುಮಾನಿಸಬೇಕು. ಆಗ ಒಂದು ತಂತಿಯ ತುದಿಯನ್ನು ಮಡಿಸಿ, ಮಸೆದು, ಖಾಲಿ ತೋಟಾದೊಳಗೆ ಇಳಿಸಿ ಗೋಡೆಗೆ ತಾಗಿಸಿ ಮೇಲಕ್ಕೆ ಎಳೆಯುತ್ತಾರೆ. ಒಳಗೋಡೆ ನಯವಾಗಿದ್ದರೆ ತಂತಿ ಜಾರಿ ಬರುತ್ತದೆ. ಸವೆದು ಹಳ್ಳ ಬಿದ್ದಿದ್ದರೆ ಅಲ್ಲಿ ಟಕ್ ಎಂದು ಸಿಕ್ಕಿಕೊಳ್ಳುತ್ತದೆ. ಬೆರಳ ತುದಿಗೆ ಹತ್ತುವ ಆ ಪುಟ್ಟ ತಡೆ ಸಾಕು, ಅದನ್ನು ಗುಜರಿಗೆ ಹಾಕಬೇಕು. ಇಲ್ಲವಾದರೆ ಮುಂದಿನ ಸಲ ಅದು ಎರಡು ತುಂಡಾಗಿ, ಬಿಸಿ ಅನಿಲ ಹಾರಿಸಿದವರ ಮುಖದತ್ತ ನುಗ್ಗೀತು.

ಕೆಲವು ಹಳೆಯ ತೋಟಾಗಳು ಈ ಎಲ್ಲ ಪರೀಕ್ಷೆಗಳನ್ನೂ ದಾಟಿಬಿಡುತ್ತವೆ. ಹಿಂದೆ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಸಿಡಿಯುವ ಸಂಯುಕ್ತವನ್ನು ಬಳಸುತ್ತಿದ್ದರು. ಹಾರಿಸಿದಾಗ ಬಿಡುಗಡೆಯಾಗುವ ಪಾದರಸ ಹಿತ್ತಾಳೆಯ ಹರಳುಗಳ ನಡುವೆ ನುಸುಳಿ ಅದನ್ನು ಒಳಗೊಳಗೇ ಪೆಡಸಾಗಿಸುತ್ತದೆ. ಕಣ್ಣಿಗೆ, ಕಿವಿಗೆ, ಬೆರಳಿಗೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಅದೇ ಪಾದರಸದ ಗುಣವನ್ನು ಪ್ರಯೋಗಾಲಯಗಳು ಉಪಯೋಗಕ್ಕೂ ತಂದುಕೊಂಡಿವೆ. ಹೊಸ ಹಿತ್ತಾಳೆಯ ಮಾದರಿಯನ್ನು ಮರ್ಕ್ಯುರಸ್ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸಿದರೆ, ಒಳಗೆ ಬಿಗುವು ಉಳಿದಿದ್ದ ಪಕ್ಷದಲ್ಲಿ ಅದು ಸ್ವಲ್ಪ ಹೊತ್ತಿನಲ್ಲೇ ಬಿರುಕು ಬಿಡುತ್ತದೆ. ಲಾಯದಲ್ಲಿ ಇಡೀ ಮಳೆಗಾಲ ಹಿಡಿಯುತ್ತಿದ್ದ ಕೆಲಸ ಗಾಜಿನ ಲೋಟದಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ.